ಹೊಸ್ತಿಲಲ್ಲಿ ಕೇಳಬಾರದ ಪ್ರಶ್ನೆ

ನನಗೆ ಹಾವಿನ ಭಯವಿಲ್ಲ, ಗಣಿತದ ಭಯವೂ ಇಲ್ಲ. ಎರಡನೆಯದನ್ನು ನಮ್ಮ ಮಾಸ್ತರು ಒಪ್ಪುವುದಿಲ್ಲ, ಅದು ಅವರ ಕಷ್ಟ. ಆದರೆ ‘ಎಲ್ಲಿಗೆ?’ ಎಂಬ ಒಂದು ಮಾತಿಗೆ ಮಾತ್ರ ಈಗಲೂ ಹೆದರುತ್ತೇನೆ.

ಬಸವಕಲ್ಯಾಣದ ನಮ್ಮ ಮನೆಯಲ್ಲಿ ಹೊರಗೆ ಹೊರಟವರನ್ನು ಹಾಗೆ ಕೇಳುವಂತಿಲ್ಲ. ಕೇಳಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಹೊರಟವನು ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಹೀಗಾಗಿ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಆಯುಷ್ಯವಿಡೀ ಕೇಳದೆ ಊಹಿಸಿಕೊಂಡೇ ಬಂದಿದ್ದಾಳೆ. ಕಾಲಲ್ಲಿ ಯಾವ ಚಪ್ಪಲಿ, ತಲೆಗೆ ಎಷ್ಟು ಎಣ್ಣೆ, ಕೈಯಲ್ಲಿ ಚೀಲ ಇದೆಯೋ ಇಲ್ಲವೋ, ಇಷ್ಟು ನೋಡಿದರೆ ಸಾಕು. ನೀವು ಹೊರಟಿದ್ದು ಹುಲಸೂರಿನ ಬಸ್ಸಿಗೋ ಮುಡಬಿಯ ಆಟೋಕ್ಕೋ, ಅವಳಿಗೆ ನಿಮಗಿಂತ ಮೊದಲೇ ಗೊತ್ತು. ಊಹೆ ತಪ್ಪಿದ ದಿನ ಮುಖ ಗಂಟಿಕ್ಕಿ ಕೂತು, ಎಲ್ಲಿ ತಪ್ಪಿತೆಂದು ಯೋಚಿಸುತ್ತಾಳೆ.

ಮೆದುಳಿನ ಬಗ್ಗೆ ಈಚೆಗೆ ನಾನು ಓದಿದ್ದೂ ಇದನ್ನೇ. ಕಣ್ಣು ಕಿವಿ ವರದಿ ತರಲಿ ಎಂದು ಮೆದುಳು ಕಾಯುತ್ತಾ ಕೂರುವುದಿಲ್ಲವಂತೆ. ಮುಂದೇನೆಂದು ಮೊದಲೇ ಊಹಿಸಿ, ತಪ್ಪಿದಾಗ ತಿದ್ದಿಕೊಳ್ಳುತ್ತದಂತೆ. ಮಾತಾಡುವ ಯಂತ್ರಗಳೂ ಮುಂದಿನ ಪದ ಊಹಿಸುತ್ತಾ, ತಪ್ಪುತ್ತಾ ಕಲಿತವೇ. ಎರಡೂ ಒಂದೇ ಕುಲವೋ ಅಲ್ಲವೋ ಎಂದು ಪಂಡಿತರು ಇನ್ನೂ ಜಗಳಾಡುತ್ತಿದ್ದಾರೆ. ನಾನು ಮಾತ್ರ ಅಂಗಳದಲ್ಲಿ ನಿಂತು ತೀರ್ಪು ಕೊಟ್ಟೆ.

“ಆಯಿ, ನೀನೂ ಒಂದು ಮಷೀನೇ.”

“ಮಷೀನಿಗಿ ಮೊಣಕಾಲು ನೋಯ್ತಾವೇನೋ ಶಾಣ್ಯಾ?”

ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಹಿಂದಿನ ದಿನ ಫೋನಿನ ಮಾತಾಡುವ ಯಂತ್ರಕ್ಕೆ ನನ್ನದೇ ಒಂದು ಜೋಕನ್ನು ಅರ್ಧ ಹೇಳಿದ್ದೆ. ಉಳಿದರ್ಧ ಅದೇ ಹೇಳಿಬಿಟ್ಟಿತ್ತು, ಅದೂ ನನಗಿಂತ ಚೆನ್ನಾಗಿ. ಇಡೀ ಕಲ್ಯಾಣಕ್ಕೆ ಒಬ್ಬನೇ ಎಂದುಕೊಂಡಿದ್ದ ನಾನು ಇಷ್ಟು ಸುಲಭದ ಒಗಟೇ?

ಅದಕ್ಕಿಂತ ದೊಡ್ಡ ಭಯ ಮನೆಯಲ್ಲೇ ಇತ್ತು. ಹೋದ ತಿಂಗಳು ಆಯಿಗೆ ತಲೆ ತಿರುಗಿ, ಹುಮನಾಬಾದಿನ ಡಾಕ್ಟರಿಗೆ ತೋರಿಸಿದ್ದೆವು. “ದಿನದ ರೂಢಿ ಏನರ ಮರೆತ್ರ ತಡಾ ಮಾಡಬ್ಯಾಡ್ರಿ, ಕರ್ಕೊಂಡು ಬಂದುಬಿಡ್ರಿ” ಎಂದಿದ್ದರು.

ಹೋದ ಭಾನುವಾರ ಅವ್ವನಿಗೆ “ಲೈಬ್ರರಿಗೆ” ಎಂದು ಹೇಳಿ, ಕಪ್ಪು ಕನ್ನಡಕ ಏರಿಸಿ ಹೊಸ್ತಿಲು ದಾಟಿದೆ. ಓಣಿಯ ತುದಿಯಲ್ಲಿ ಗೆಳೆಯ ಇರ್ಫಾನ್ ತನ್ನ ಅಣ್ಣನ ಬೈಕ್ ಹಿಡಿದು ನಿಂತಿದ್ದ. ಹೈವೇ ಮೇಲೆ ಹುಮನಾಬಾದಿಗೆ ಹಾರುವುದು ನಮ್ಮ ಗುಟ್ಟು. ಆಗ ಹಿಂದಿನಿಂದ ಆಯಿಯ ದನಿ ಬಂತು.

“ಎಲ್ಲಿಗಿ ಹೊಂಟೀಪಾ?”

ಅವ್ವನ ಕೈಯ ರೊಟ್ಟಿ ಹಿಟ್ಟು ಕೈಯಲ್ಲೇ ಉಳಿಯಿತು. ಅಪ್ಪ ಮುಖಕ್ಕೆ ಸೋಪು ಹಚ್ಚಿಕೊಂಡೇ ಓಡಿಬಂದ. ಅವಳ ತಲೆಯೊಳಗೆ ಏನೋ ಕಡಿದುಹೋಯಿತೆಂದು ನಾನು ಒಳಗೆ ಓಡಿದೆ. ಮಷೀನು ಎಂದವನು ನಾನೇ ಅಲ್ಲವೇ? ನನ್ನ ನಾಲಿಗೆಯೇ ತಾಗಿತೇ?

ಹುಮನಾಬಾದಿನ ಡಾಕ್ಟರಿಗೆ ತೋರಿಸಲು ಸಿಕ್ಕ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆಯಿಯ ಕೈ ಹಿಡಿದೇ ಇದ್ದೆ. ಅವಳು ಹೊಲ ನೋಡುತ್ತಾ ಸುಮ್ಮನೆ ಕೂತಿದ್ದಳು. ಆ ಸುಮ್ಮನಿರುವಿಕೆಗೇ ನನ್ನ ಜೀವ ಹಾರುತ್ತಿತ್ತು.

ಡಾಕ್ಟರು ಹೆಸರು, ಊರು, ವಾರ ಕೇಳಿದರು. ಎಲ್ಲವನ್ನೂ ಸರಿಯಾಗಿ ಹೇಳಿದಳು. ಅಪ್ಪನಿಂದ ವಿಷಯ ತಿಳಿದ ಡಾಕ್ಟರು ಕೇಳಿದರು: “ಮತ್ತ ಕೇಳಬಾರದ್ದು ಯಾಕ ಕೇಳಿದ್ರಿ ಅಮ್ಮಾ?”

“ಲೈಬ್ರರಿಗಿ ಹೋಗಾಂವ ಕರೀ ಚಶ್ಮಾ ಹಾಕ್ಕೊಂತಾನೇನ್ರಿ? ಬೈಕಿನ ಮ್ಯಾಲ ಹೈವೇಕ್ಕ ಹೊಂಟಿದ್ದ. ಬ್ಯಾಡಂದ್ರ ಕೇಳ್ತಿದ್ನೇನು? ಕೆಲಸ ಕೆಡ್ಲಿ ಅಂತನೇ ಕೇಳ್ದೆ.”

ಅಪ್ಪ ನನ್ನ ಕಡೆ ತಿರುಗಿದ. ಆ ನೋಟದ ಮುಂದಿನ ಪದ ಊಹಿಸಲು ಯಾವ ಯಂತ್ರವೂ ಬೇಕಿರಲಿಲ್ಲ.

“ಬಸ್ಸಿನಾಗರ ಹೇಳಬಾರದಾಗಿತ್ತಾ ಆಯಿ?” ಎಂದೆ.

“ನನ್ನ ಕೈ ಹಿಡ್ಕೊಂಡು ಕುಂತಿದ್ದಿ ಅಲ್ಲೇನೋ. ಹೇಳಿದ್ರ ಬಿಡ್ತಿದ್ದಿ.”

ಫೋನಿನ ಯಂತ್ರಕ್ಕೆ ತನ್ನ ಊಹೆ ನಿಜವಾದರೆ ಗೆಲುವು. ಆಯಿ ಕೆಟ್ಟದ್ದನ್ನು ಊಹಿಸುವುದು ಅದು ಸುಳ್ಳಾಗಲಿ ಎಂದೇ. ಈಗ ನಾನು ಹೊರಡುವಾಗ ಅವಳು ಮತ್ತೆ ಬಾಯಿ ಬಿಡುವುದಿಲ್ಲ, ಬರೀ ನೋಡುತ್ತಾಳೆ. ಒಂದು ದಿನ ಆ ನೋಟವೂ ಅಲ್ಲಿರುವುದಿಲ್ಲ ಎಂಬ ಊಹೆ ನನ್ನ ಮೆದುಳಿಗೂ ಬರುತ್ತದೆ. ಹಾಗನ್ನಿಸಿದಾಗ ತಿರುಗಿ ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು ಹೊರಡುತ್ತೇನೆ. ಯಾರೂ ಏನೂ ಕೇಳಿರುವುದಿಲ್ಲ.