ಸ್ಪೀಕರಿಗೆ ಸಿಗದ ಮೂಲೆ

ಗೆಳೆಯರೇ, ಕಂಟೋನ್ಮೆಂಟಿನ ನಮ್ಮ ಪುಟ್ಟ ಫ್ಲ್ಯಾಟಿಗೆ ಹೋಂ ಥಿಯೇಟರ್ ತರುವ ಯೋಜನೆ ಇವತ್ತು ಒಂದು ಮೂಲೆಯಲ್ಲಿ ನಿಂತುಹೋಯಿತು. ದೊಡ್ಡ ಸ್ಪೀಕರಿಗೆಂದು ನಾನು ಗುರುತು ಮಾಡಿದ ಜಾಗದಲ್ಲಿ ಹಚ್ಚೊಳ್ಳಿಯಿಂದ ಮಾವ ಕಳಿಸಿದ ಅಕ್ಕಿ ಚೀಲಗಳಿವೆ. ಬಾಲ್ಕನಿಗೆ ಸಾಗಿಸೋಣವೆಂದೆ.

“ನಿಮ್ಮ ಡಬ್ಬಿ ಬೇಕಾದ್ರ ಬಾಲ್ಕನ್ಯಾಗ ಇಡ್ರಿ, ಅಕ್ಕಿ ಅಲ್ಲೇ ಇರ್ತೈತಿ” ಎಂದಳು ಹೆಂಡತಿ.

ನನ್ನ ಪರ ಮಾತಾಡಲೆಂದು ಸ್ಪೀಕರ್ ಅಂಗಡಿಯ ರಫೀಕ್ ಭಾಯಿಯನ್ನು ಕರೆಸಿದೆ. ಅವರು ಹಾಲ್ ತುಂಬ ಚಪ್ಪಾಳೆ ತಟ್ಟುತ್ತ ಓಡಾಡಿದರು.

“ಎಲ್ಲಾ ಕಡಿ ದನಿ ಗುಂಯ್ ಅಂತೈತ್ರಿ ಸರ್, ಈ ಚೀಲದ ಹತ್ರ ಅಷ್ಟ ಇಲ್ಲ, ಅಕ್ಕಿ ಆ ಗುಂಯ್ ಹೀರ್ಕೊಂತೈತಿ. ಆ ಮೂಲಿಗೂ ಎರಡು ಚೀಲ ಇಡ್ರಿ.”

ಹೆಂಡತಿ ನನ್ನತ್ತ ನೋಡಲೂ ಇಲ್ಲ, ಫೋನ್ ತೆಗೆದಳು. “ಅಪ್ಪಾ, ಇನ್ನೆರಡು ಚೀಲ ಕಳಸು.”

ಈಗ ನಾವು ಅನ್ನ ಉಂಡಷ್ಟೂ ಸೌಂಡ್ ಕೆಡುತ್ತದೆ. ರಾತ್ರಿಗೆ ರೊಟ್ಟಿ ಸಾಕೆಂದಿದ್ದೇನೆ.