ಇನ್ನೊಂದ್ಸಲ

ರಣರಂಗದಲ್ಲಿ ಬಾವುಟ ಏರುವ ಹಾಗೆ ನನ್ನ ಗಣಿತದ ತರಗತಿಯಲ್ಲಿ ದಿನಕ್ಕೆ ಹನ್ನೊಂದು ಸಲ ಒಂದು ಕೈ ಏರುತ್ತದೆ. ಏರಿತೆಂದರೆ ಸೀಮೆಸುಣ್ಣ ನಡುಗುತ್ತದೆ, ಗೋಡೆ ಗಡಿಯಾರವೂ ಉಸಿರು ಬಿಗಿಹಿಡಿಯುತ್ತದೆ. ಆ ಕೈಯ ಒಡತಿಗೆ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದ್ದರೂ ಶಾಲೆಯೆಲ್ಲ ಕರೆಯುವುದು 'ಇನ್ನೊಂದ್ಸಲ' ಎಂದೇ. "ಇನ್ನೊಂದ್ಸಲ ಹೇಳಿ ಸಾರ್, ತಲೆಯೊಳಗೇ ಹೋಗ್ತಿಲ್ಲ" ಎನ್ನುತ್ತಾಳೆ. "ನಿನ್ನ ತಲೆಗೆ ಬಾಗಿಲೇ ಇಟ್ಟಿಲ್ವೇನೇ?" ಎಂದು ಹಿಂದಿನ ಬೆಂಚಿನವರು ಕಿಚಾಯಿಸಿದರೆ, "ಇದೆ ಕಣ್ರೇ, ಚಿಲಕ ಸ್ವಲ್ಪ ಬಿಗಿ" ಎಂದು ನಕ್ಕು ಮತ್ತೆ ಕೈಯೆತ್ತುತ್ತಾಳೆ. ಅವಳ ದೆಸೆಯಿಂದ ನಾನು ಭಿನ್ನರಾಶಿಯನ್ನು ಕಾಗದ ಹರಿದು ವಿವರಿಸಿದೆ, ದಾರ ಕತ್ತರಿಸಿ ವಿವರಿಸಿದೆ, ಕೊನೆಗೆ ನನ್ನ ಕರವಸ್ತ್ರವನ್ನೇ ಮಡಚಿ ತೋರಿಸಿದೆ. ಇಪ್ಪತ್ತು ವರ್ಷದಲ್ಲಿ ಬಾರದ ಪಾಠ ಮಾಡುವ ವಿದ್ಯೆ ಈ ಒಂದೇ ವರ್ಷದಲ್ಲಿ ಬಂತು. ಮೊನ್ನೆ ಕರವಸ್ತ್ರ ಹಿಡಿದು ಅವಳ ಬೆಂಚಿನ ಬಳಿಗೇ ಹೋದಾಗ ನೋಡುತ್ತೇನೆ, ಅವಳ ಪುಸ್ತಕದಲ್ಲಿ ಆ ಲೆಕ್ಕ ಆಗಲೇ ತಪ್ಪಿಲ್ಲದೆ ಮುಗಿದಿತ್ತು. ಅರ್ಧಕ್ಕೆ ನಿಂತಿದ್ದದ್ದು ಪಕ್ಕದ ಗೆಳತಿಯ ಲೆಕ್ಕ. ವರ್ಷದ ಮೊದಲ ಕಿರುಪರೀಕ್ಷೆಯಲ್ಲೇ ಡುಮ್ಕಿ ಹೊಡೆದ ಮೇಲೆ ಹಾಜರಿ ಕೂಗಿದರೂ ದನಿ ಹೊರಡದ ಆ ಹುಡುಗಿ, ಬೆಂಚಿನ ಕೆಳಗೆ ಇವಳ ಅಂಗಿಯ ಅಂಚನ್ನು ಮೆಲ್ಲಗೆ ಎಳೆಯುತ್ತಿದ್ದಳು. ಒಂದು ಎಳೆತಕ್ಕೆ ಇವಳ ಕೈ ಒಂದು ಸಲ ಮೇಲಕ್ಕೆ. ತರಗತಿ ಬಿಟ್ಟ ಮೇಲೆ ಇವಳನ್ನು ಕರೆದು, "ಅವಳಿಗೋಸ್ಕರ ವರ್ಷವೆಲ್ಲ ದಡ್ಡಿ ಅನ್ನಿಸ್ಕೊಂಡ್ಯಲ್ಲಮ್ಮಾ, ಎಂಥಾ ತ್ಯಾಗ!" ಎಂದೆ. "ತ್ಯಾಗ ಗೀಗ ಏನಿಲ್ಲ ಸಾರ್," ಎಂದಳು. "ಅವಳು ಫೇಲಾದ್ರೆ ಮುಂದಿನ ವರ್ಷ ನಾನು ಯಾರ ಪಕ್ಕ ಕೂತ್ಕೊಳ್ಲಿ?"