ತೀರ್ಥದ ಗಿಂಡಿ, ನೆನೆದ ದ್ರಾಕ್ಷಿ

ರಾತ್ರಿ ನೆನೆಹಾಕಿದ್ದ ಒಣದ್ರಾಕ್ಷಿ ಬೆಳಿಗ್ಗೆ ನೋಡಿದರೆ ಗುಂಡುಗುಂಡಾಗಿ ಊದಿಕೊಂಡಿತ್ತು. ಒಂದೆರಡು ಒಡೆದೂ ಇದ್ದವು. ರಕ್ತ ಕಮ್ಮಿಯಾಗಿದೆ, ದಿನಾ ತಿನ್ನಬೇಕು ಎಂದು ಸೊಸೆಯ ಅಪ್ಪಣೆ. ಈ ವಯಸ್ಸಿನಲ್ಲಿ ಸೊಸೆಯ ಮಾತು ಮೀರುವ ಧೈರ್ಯ ಯಾರಿಗಿದೆ ಹೇಳಿ! ಆದರೆ ಒಡೆದ ದ್ರಾಕ್ಷಿ ಮಾತ್ರ ನನಗೆ ಆಗಿಬರುವುದಿಲ್ಲ. ಕಂಡ ಕೂಡಲೇ ತೆಗೆದು ಬಿಸಾಡುತ್ತೇನೆ. ಯಾಕೆಂದು ಹೇಳಬೇಕಾದರೆ ಮಡಿಕೇರಿಯ ಆಸ್ಪತ್ರೆಯವರೆಗೆ ಹೋಗಬೇಕು. ಬನ್ನಿ, ಹೋಗಿಯೇ ಬಿಡೋಣ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಾನು ಏಳೆಂಟರ ಹುಡುಗಿ. ವಾಂತಿಭೇದಿ ಹಿಡಿದು ಅಮ್ಮನ ಕಣ್ಣು ಗುಳಿಬಿದ್ದಿತ್ತು. ಆಸ್ಪತ್ರೆಯಲ್ಲಿ ಅವಳ ಕೈಗೆ ಸೂಜಿ ಚುಚ್ಚಿ, ಗಾಜಿನ ಬಾಟ್ಲಿಯಿಂದ ಸಲೈನ್ ಏರಿಸುತ್ತಿದ್ದರು. ಅಮ್ಮನ ತಾಯಿ, ನನ್ನ ಅಜ್ಜಿ, ಅರ್ಚಕರ ಮನೆಯವಳು. ಕಾವೇರಿ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದಿಟ್ಟಿದ್ದ ತೀರ್ಥದ ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದಳು. ಬಾಟ್ಲಿಯಲ್ಲಿರುವುದು ಉಪ್ಪುನೀರು ಎಂದು ಗೊತ್ತಾದದ್ದೇ ತಡ, ಡಾಕ್ಟರಮ್ಮನ ಮುಂದೆ ಗಿಂಡಿ ಹಿಡಿದಳು.

"ಉಪ್ಪುನೀರು ಯಾಕಮ್ಮ? ನನ್ನ ಮಗಳಿಗೆ ಇದನ್ನ ಏರ್ಸಿ."

ಡಾಕ್ಟರಮ್ಮ ಕಣ್ಣೂರಿನ ಕಡೆಯವರು. ನಗಲಿಲ್ಲ, ಗದರಲೂ ಇಲ್ಲ. ಮಲಯಾಳ ಬೆರೆತ ಕನ್ನಡದಲ್ಲಿ ನಿಧಾನವಾಗಿ ತಿಳಿಸಿದರು. ರಕ್ತದಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಕೋಶಗಳಿವೆ, ಒಂದೊಂದಕ್ಕೂ ತೆಳ್ಳಗಿನ ಪೊರೆ. ಆ ಪೊರೆ ನೀರಿಗೆ ದಾರಿ ಬಿಡುತ್ತದೆ, ಒಳಗಿರುವ ಉಪ್ಪಿಗೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹೊರಗೂ ಅದೇ ಹದದ ಉಪ್ಪಿದ್ದರೆ ಕೋಶ ಇದ್ದ ಹಾಗೇ ಇರುತ್ತದೆ. ಸುತ್ತ ಬರೀ ನೀರಾದರೆ ಅದು ಒಳಗೆ ನುಗ್ಗುತ್ತದೆ.

"ದ್ರಾಕ್ಷಿ ನೆನೆಹಾಕಿದ ಹಾಗೆ, ಅಮ್ಮಾ. ಊದಿ ಊದಿ ಒಡೆದು ಹೋಗ್ತದೆ."

ಅಜ್ಜಿ ಗಿಂಡಿ ಕೆಳಗಿಳಿಸಿದಳು. ಅಂದು ಸಂಜೆ ಅಮ್ಮ ಹೋಗಿಬಿಟ್ಟಳು. ಕೊನೆಯಲ್ಲಿ ಬಾಯಿಗೆ ಬಿಟ್ಟ ತೀರ್ಥವೂ ಗಂಟಲಿಗಿಳಿಯದೆ ಕಟಬಾಯಿಯಿಂದ ಹರಿದುಹೋಯಿತು.

ಅಜ್ಜಿ ಅಳಲಿಲ್ಲ. ನನ್ನನ್ನು ಸಾಕಿದಳು, ತಲೆ ಬಾಚಿದಳು, ಶಾಲೆಗೆ ಕಳಿಸಿದಳು. ಆದರೆ ಪ್ರತಿ ಸಂಕ್ರಮಣಕ್ಕೂ ಹೊಸ ತೀರ್ಥ ಮನೆಗೆ ಬಂದಾಗ ಅದರ ಮುಂದೆ ಕೂತು, ತಾನು ಹಟ ಹಿಡಿದಿದ್ದರೆ ಮಗಳು ಉಳಿಯುತ್ತಿದ್ದಳು, ತಾನೇ ಕೊಂದೆ ಎನ್ನುವಳು. ಸಮಾಧಾನ ಹೇಳಿದವರೆಲ್ಲ ಸೋತು ಸುಮ್ಮನಾಗಿದ್ದರು.

ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಸೂಕ್ಷ್ಮದರ್ಶಕದಲ್ಲಿ ರಕ್ತ ತೋರಿಸಿದರು. ಉಪ್ಪುನೀರಿನಲ್ಲಿ ಕೋಶಗಳು ದುಂಡಗೆ ತೇಲುತ್ತಿದ್ದವು. ಬರೀ ನೀರು ಸೇರಿಸಿದರೆ ಊದಿ, ನೋಡುನೋಡುತ್ತಿದ್ದಂತೆ ಮಾಯವಾದವು. ನನಗೆ ಅಜ್ಜಿಯ ಗಿಂಡಿ ನೆನಪಾಯಿತು. ಮೇಷ್ಟ್ರ ಹತ್ತಿರ ಗೋಗರೆದು ಅದೇ ಉಪ್ಪುನೀರನ್ನು ಸೀಸೆಯಲ್ಲಿ ತಂದೆ. ಮಹಾ ವಿಜ್ಞಾನಿಯಂತೆ ಅಡುಗೆಮನೆಯಲ್ಲಿ ಎರಡು ಪುಟ್ಟ ಗಾಜಿನ ಲೋಟ ಇಟ್ಟೆ. ಒಂದಕ್ಕೆ ಉಪ್ಪುನೀರು. ಇನ್ನೊಂದಕ್ಕೆ ತೀರ್ಥ ಬೇಕೆಂದು ಕೇಳಿದರೆ ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆ. ವಿಷಯ ಕೇಳಿ, ಅಜ್ಜಿ ತಾನೇ ಗಿಂಡಿ ತಂದು ಬಗ್ಗಿಸಿದಳು. ನಾನು ಬೆರಳಿಗೆ ಸೂಜಿ ಹಿಡಿದಾಗ ಕೈ ತಡೆದಳು.

"ನನ್ನ ಬೆರಳು ಚುಚ್ಚು. ಅವಳು ನನ್ನ ರಕ್ತ ಅಲ್ವೇನೇ."

ಎರಡಕ್ಕೂ ಒಂದಿಷ್ಟು ಹನಿ ಹಾಕಿ ಕಾದೆವು. ಉಪ್ಪುನೀರು ಮಬ್ಬಾಗಿಯೇ ಉಳಿಯಿತು, ಅದರ ಹಿಂದೆ ಬೆರಳಿಟ್ಟರೆ ಕಾಣಿಸಲಿಲ್ಲ. ತೀರ್ಥ ಮಾತ್ರ ಕೆಂಪಗೆ ತಿಳಿಯಾಯಿತು. ಅಜ್ಜಿಯ ಬೆರಳು, ಸೂಜಿಯ ಗಾಯದ ಸಮೇತ, ಅದರಾಚೆ ಸ್ಪಷ್ಟವಾಗಿ ಕಂಡಿತು. ಕೋಶಗಳೆಲ್ಲ ಒಡೆದುಹೋದವು ಎಂದು ಹೇಳಿದೆ. ಅಜ್ಜಿ ತೀರ್ಥದ ಲೋಟವನ್ನು ಬೆಳಕಿಗೆ ಎತ್ತಿ ಹಿಡಿದಳು.

"ಹಾಗಾದ್ರೆ ಏರ್ಸಿದ್ರೂ ಉಳೀತಿರ್ಲಿಲ್ಲ."

"ಇಲ್ಲ ಅಜ್ಜಿ."

ಅಜ್ಜಿ ತೀರ್ಥಕ್ಕೆ ಕೈಮುಗಿದಳು. ಆಮೇಲೆ ಅಮ್ಮನ ಹೆಸರು ಹಿಡಿದು ಕರೆದು, ಒಲೆಯ ಮುಂದೆ ಕುಸಿದು, ಮನೆಯೆಲ್ಲ ಕೇಳುವಂತೆ ಅತ್ತಳು. ಅಷ್ಟು ವರ್ಷ ತನ್ನನ್ನು ತಾನು ದೂರುವುದರಲ್ಲೇ ಇದ್ದವಳಿಗೆ ಮಗಳಿಗಾಗಿ ಅಳಲು ಆಗಿರಲೇ ಇಲ್ಲ.

ನಾನೋ, ಪ್ರಯೋಗ ಗೆದ್ದ ಹೆಮ್ಮೆಯಲ್ಲಿ ಪಕ್ಕದಲ್ಲಿ ನಿಂತಿದ್ದೆ. ಈ ಕಥೆಯನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಯಾವಾಗಲೂ ಅಜ್ಜಿಯ ದುಃಖ ಎಂದೇ. ಇವತ್ತು ಒಡೆದ ದ್ರಾಕ್ಷಿಯನ್ನು ಬಿಸಾಡಲು ಕೈಗೆತ್ತಿಕೊಂಡವಳು ಹಾಗೇ ನಿಂತುಬಿಟ್ಟೆ. ಅಂದು ಹೋದದ್ದು ಅಜ್ಜಿಯ ಮಗಳಷ್ಟೇ ಅಲ್ಲವಲ್ಲ, ನನ್ನ ಅಮ್ಮ. ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿಯೇ ಇತ್ತು. ಕಣ್ಣೊರೆಸಿಕೊಳ್ಳುವುದನ್ನು ನೋಡಿದ ಸೊಸೆ ದ್ರಾಕ್ಷಿಯ ಬಟ್ಟಲನ್ನು ನನ್ನ ಹತ್ತಿರಕ್ಕೆ ಸರಿಸಿದಳು.